ಗೋಡೆಯೊಳಗಿನ ಅರಳಿ

ಇಚಲಕರಂಜಿಯಲ್ಲಿ ಬಾಳಗೊಂಡ ಅವರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಮಗ್ಗದ ಶೆಡ್ಡಿನ ಗುರುತು ಹೇಳುತ್ತಿರಲಿಲ್ಲ. "ಗಿಡ್ಡ ಗಿಡದ ಅಣ್ಣಾರ ಮನಿ ಹೌದಲ್ಲ?" ಎಂದು ಸೈಕಲ್ಲಿನಿಂದ ಇಳಿಯದೆಯೇ ಕೈ ತೋರಿಸಿ ಹೋಗುತ್ತಿದ್ದರು. ದಾನೋಳಿಯ ಒಕ್ಕಲುತನದ ಮನೆಯ ಕಿರಿಯ ಮಗ ಅವರು. ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಹರೆಯದಲ್ಲೇ ಇಲ್ಲಿಗೆ ಬಂದು, ಮಂದಿಯ ಮಗ್ಗದಲ್ಲಿ ದುಡಿದು, ಕಡೆಗೆ ತಮ್ಮವೇ ಮಗ್ಗ ಹಾಕಿಕೊಂಡವರು. ಹೆಂಡತಿ ರತ್ನಮಾಲಾ ತೀರಿಕೊಂಡ ವರ್ಷ ಕೊಲ್ಹಾಪುರದ ಹೂವಿನ ಪ್ರದರ್ಶನದಲ್ಲಿ, ಊಟದ ತಾಟಿನಷ್ಟು ಅಗಲದ ಮಣ್ಣಿನ ಹೂಕುಂಡಿಯೊಂದರಲ್ಲಿ ಮೊಳದೆತ್ತರದ ಆಲದ ಮರ ಬಿಳಲು ಬಿಟ್ಟು ನಿಂತಿದ್ದನ್ನು ಕಂಡರು. ಬೋನ್ಸಾಯ್ ಎಂದು ಯಾರೋ ಹೇಳಿಕೊಟ್ಟರು. ಆ ದಿನದಿಂದ ಅವರಿಗೆ ಬೇರೆ ಹುಚ್ಚು ಹಿಡಿಯಲಿಲ್ಲ.

ಶಾಲನ ಆ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಮಾಳಿಗೆಯ ತುಂಬ ಕುಂಡಿಗಳಿದ್ದವು. ಗಡಹಿಂಗ್ಲಜದ ಕುಂಬಾರನ ಕೈಯಿಂದ ಹೇಳಿ ಮಾಡಿಸಿದ ತಟ್ಟೆಯಂಥ ಕುಂಡಿಗಳು. ಅವುಗಳಲ್ಲಿ ಆಲ, ಬಸರಿ, ಹುಣಸೆ, ಎಲ್ಲವೂ ಮೊಣಕಾಲಿಗಿಂತ ಕೆಳಗೆ. ಸುಟ್ಟುಹೋದ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು ಹೊಸೆದು ಕೊಂಬೆಗಳಿಗೆ ಸುತ್ತಿ, ಬೇಕಾದ ಕಡೆ ಬಗ್ಗಿಸಿ ಬಿಡುತ್ತಿದ್ದರು. ವರ್ಷಕ್ಕೋ ಎರಡು ವರ್ಷಕ್ಕೋ ಮಣ್ಣಿನಿಂದ ಎತ್ತಿ, ಕೂಸಿನ ಉಗುರು ತೆಗೆದಷ್ಟು ಜ್ವಾಕಿಯಿಂದ ಬೇರು ಕತ್ತರಿಸಿ ಮತ್ತೆ ಕೂಡಿಸುತ್ತಿದ್ದರು. ಕೊಲ್ಹಾಪುರದಲ್ಲಿ ಹುಟ್ಟಿ, ಅಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿ ಬಂದ ಶಾಲನಗೆ ಆ ಗಿಡಗಳು ಚೆಂದವೆನಿಸಿದ್ದು ಸುಳ್ಳಲ್ಲ. ಮಗ ಬಾಹು ಹುಟ್ಟಿದ ಮೇಲೆ ಮಾತ್ರ ಅವಳು ಮಾಳಿಗೆ ಹತ್ತುವುದು ಕಡಿಮೆಯಾಯಿತು.

ಅವಳ ಅಂಜಿಕೆ ಮಾಳಿಗೆಯದಲ್ಲ, ಹಿಂದಿನ ಗೋಡೆಯದು.

ಮನೆಯ ಒಳಕೋಣೆಯ ಹಿಂಗೋಡೆ ಹಳೆಯದು, ಮಣ್ಣಲ್ಲಿ ಕಟ್ಟಿದ ಇಟ್ಟಂಗಿಯದು. ಪಕ್ಕದ ಶೆಡ್ಡಿನಲ್ಲಿ ಎರಡೂ ಪಾಳಿ ಮಗ್ಗ ಬಡಿಯುತ್ತಿದ್ದವು. ಗೋಡೆಗೆ ಅಂಗೈ ಇಟ್ಟರೆ ಜ್ವರ ಬಂದವರ ಮೈಯಂತೆ ನಡುಗುವುದು ತಿಳಿಯುತ್ತಿತ್ತು. ಆ ಗೋಡೆಯ ಮೇಲೆಯೇ ತೊಲೆ ಕೂತಿತ್ತು. ತೊಲೆಗೆ ಬಾಹುವಿನ ತೊಟ್ಟಿಲು.

ಒಂದು ಮುಂಜಾನೆ ಹಿತ್ತಲಿಗೆ ಹೋದಾಗ ಮಾವ ಆ ಗೋಡೆಗೆ ಚರಿಗೆಯಿಂದ ನೀರು ಎರೆಯುತ್ತಿದ್ದರು.

"ಮಾಮಾ, ಗ್ವಾಡಿಗೆ ಯಾಕ ನೀರ ಹಾಕಾಕತ್ತೀರಿ?"

"ಗ್ವಾಡಿಗಲ್ಲವಾ. ಬಾ ಇಲ್ಲೆ, ನೋಡು."

ಆಳೆತ್ತರದಲ್ಲಿ ಇಟ್ಟಂಗಿಯ ಸಂದಿಯಿಂದ ಒಂದು ಅರಳಿ ಹೊರಬಂದಿತ್ತು. ಹಕ್ಕಿ ಹಿಕ್ಕೆಯಿಂದ ಹುಟ್ಟಿದ್ದು. ಎಲೆ ನಾಲ್ಕೇ, ಆದರೆ ಬುಡ ಮುಂಗೈಯಷ್ಟು ದಪ್ಪ. ಎರಡು ಇಟ್ಟಂಗಿಯ ನಡುವೆ ಸಿಕ್ಕಿ ಚಪ್ಪಟೆಯಾಗಿ, ಗಂಟುಗಂಟಾಗಿ, ಮುದುಕನ ಮೊಣಕಾಲಿನಂತೆ ಉಬ್ಬಿತ್ತು.

"ಹಿಂತಾ ಬುಡ ಕುಂಡ್ಯಾಗ ಎಷ್ಟ ವರ್ಷ ಕಾದ್ರೂ ಬರೂದಿಲ್ಲ," ಎಂದರು ಬಾಳಗೊಂಡ, ಮೊಮ್ಮಗನನ್ನು ತೋರಿಸುವ ದನಿಯಲ್ಲಿ. "ಇಟ್ಟಂಗಿ ಎರಡೂ ಕಡೆ ಒತ್ತಿ ಒತ್ತಿ ಮಾಡ್ಯಾವ. ಇನ್ನೊಂದ ಮಳಿಗಾಲ ಕುಡೀಲಿ. ಆಮ್ಯಾಲ ತಗದು ಕುಂಡ್ಯಾಗ ಕೂಡಸ್ತೀನಿ."

"ಒಳಗ ಬೇರ ಎಲ್ಲೀತನಕ ಹೋಗೈತೋ ಏನೋ ಮಾಮಾ. ಒಳಗ ಕೂಸು ಮಲಗ್ತೈತಿ."

"ಬೇರ ಗ್ವಾಡಿನ ಹಿಡದಿರ್ತೈತಿ ಹುಚ್ಚಿ, ದೂಡೂದಿಲ್ಲ," ಎಂದು ನಕ್ಕು, ನೆನೆಹಾಕಿದ ಶೇಂಗಾ ಹಿಂಡಿಯ ನೀರನ್ನೂ ಸಂದಿಗೆ ಸುರಿದರು. ಮಣ್ಣು ಅದನ್ನು ಸದ್ದಿಲ್ಲದೆ ಕುಡಿಯಿತು.

ಗಂಡ ಜಿನಗೊಂಡನಿಗೆ ಹೇಳಿದಳು. ಅವನು ನೂಲಿನ ಬಾಬಿನು ನೋಡುತ್ತ ತಲೆ ಎತ್ತಲಿಲ್ಲ. "ಮೊದಲ ಬಾಹು ತಾಮ್ರದ ತಂತಿ ನುಂಗತಾನ ಅಂದಿ. ಆಮ್ಯಾಲ ಮಗ್ಗದ ಸಪ್ಪಳಕ್ಕ ಕಿವಿ ಹೋಗ್ತಾವ ಅಂದಿ. ಈಗ ಗ್ವಾಡಿ ಬೀಳ್ತೈತಿ. ನಾಳೆ ಮುಗಲ ಬೀಳ್ತೈತಿ ಏನ?" ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಸಂಕಟ. ಎಲ್ಲದಕ್ಕೂ ಅಂಜಿ ಅಂಜಿ, ನಿಜವಾಗಿ ಅಂಜಬೇಕಾದಾಗ ನಂಬುವವರೇ ಇಲ್ಲದಂತೆ ಮಾಡಿಕೊಂಡಿದ್ದಳು.

ಶೆಡ್ಡಿನಲ್ಲಿ ಮಗ್ಗದ ರಿಪೇರಿ ನೋಡುವ ಜಾಬರ್ ಪರಪ್ಪನನ್ನು ಗುಟ್ಟಾಗಿ ಕರೆದು, ಆ ಗಿಡ ಕಿತ್ತುಹಾಕು ಎಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕಾರ, ಅರಳಿಗೆ ಕೊಡ್ಲಿ ಹಚ್ಚಿದ್ರ ನನ್ನ ಮನ್ಯಾಗ ದೀಪಾ ಇರೂದಿಲ್ಲ. ಬ್ಯಾರೆ ಏನರ ಹೇಳ್ರಿ."

"ನಿಮ್ಮ ಮಾಲಕರು ದಿನಾ ಕತ್ರಿ ಹಾಕ್ತಾರಲ್ಲ?"

"ಅವರು ಕಟಿಂಗ್ ಮಾಡ್ತಾರ್ರಿ. ಅದು ಬ್ಯಾರೆ."

ಒಳಗೋಡೆಯಲ್ಲಿ ತೊಲೆಯ ಕೆಳಗೆ ಕೂದಲೆಳೆಯಂಥ ಬಿರುಕೊಂದು ಕಂಡಿತು. ಕಾಲೇಜಿನಲ್ಲಿ ಎಲ್ಲೋ ಓದಿದ್ದು ನೆನಪಾಗಿ, ಗೋಧಿಹಿಟ್ಟಿನ ಅಂಟು ಕಾಯಿಸಿ, ಕಾಗದದ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಹಚ್ಚಿದಳು. ಗೋಡೆ ಮಿಸುಕದಿದ್ದರೆ ಕಾಗದ ಹರಿಯಬಾರದು. ದಿನಾ ಎದ್ದ ಕೂಡಲೇ ಅದನ್ನೇ ನೋಡುವಳು. ಮುಂಗಾರಿಗೆ ಮೊದಲಿನ ವಳವಿನ ಮಳೆ ಎರಡು ಸಲ ಬಿದ್ದುಹೋದ ಮೇಲೆ ಒಂದು ಬೆಳಿಗ್ಗೆ ಕಾಗದ ನಡುವೆ ಹರಿದಿತ್ತು.

ಮಾವನನ್ನು ಕರೆದು ತೋರಿಸಿದಳು.

"ಹುಡುಗ ಹರದಿರಬೇಕ."

"ಬಾಹುನ ಕೈ ಅಲ್ಲಿ ಮುಟ್ಟೂದಿಲ್ರಿ ಮಾಮಾ."

ಬಾಳಗೊಂಡ ಹರಿದ ಕಾಗದದ ಮೇಲೆ ಬೆರಳಾಡಿಸಿದರು. ಅವರ ಮುಖ ನೋಡಿ ಶಾಲನಗೆ ಈಗಾದರೂ ಒಪ್ಪಿದರು ಎನಿಸಿತು. ಅವರು ಒಪ್ಪಲಿಲ್ಲ, ನೊಂದುಕೊಂಡರು. "ಆತು. ತೊಟ್ಟಿಲಾ ನಡಮನಿಗೆ ತಗೊಂಡ ಹೋಗು. ನಾ ಇಲ್ಲೆ ಹೊರಸ ಹಾಕ್ತೀನಿ. ಮಳಿಗಾಲ ಮುಗಿಯೂತನಕ ಈ ಗ್ವಾಡಿಗೆ ಬೆನ್ನ ಹಚ್ಚಿ ಮಲಗ್ತೀನಿ. ನನ್ನ ಗಿಡಾ ನನ್ನ ಮ್ಯಾಲ ಗ್ವಾಡಿ ಕೆಡವೂದಿಲ್ಲ."

ಹಾಗೇ ಮಾಡಿದರು. ತೊಟ್ಟಿಲು ಆಚೆ ಬಂತು, ಆದರೆ ಬಾಹು ತೊಟ್ಟಿಲಲ್ಲಿ ಇರುವ ವಯಸ್ಸು ದಾಟುತ್ತಿದ್ದ. ಅಜ್ಜ ಎಲ್ಲೋ ಅವನೂ ಅಲ್ಲೇ. ಕಣ್ಣು ತಪ್ಪಿದರೆ ಸಾಕು, ಗೋಡೆ ಹಿಡಿದು ದಪದಪ ನಡೆದು ಅಜ್ಜನ ಹೊರಸು ಏರಿ, ಬೆನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹೊಕ್ಕು ಮಲಗಿಬಿಡುವನು. ಅವಳು ಎತ್ತಿ ತರುವಳು. ಅವನು ಮತ್ತೆ ಹೋಗುವನು. ಒಂದು ದಿನ ಹಳೆಯ ಸೀರೆಯಿಂದ ಅವನ ಸೊಂಟಕ್ಕೆ ಸುತ್ತಿ ನಡುಮನೆಯ ಕಂಬಕ್ಕೆ ಕಟ್ಟಿದಳು. ಅವನು ಅಳಲಿಲ್ಲ, ಬಟ್ಟೆ ಬಿಗಿದ ಕಡೆ ಸುಮ್ಮನೆ ಬಾಗಿ ನಿಂತ. ಆ ಬಾಗು ಅವಳು ಮಾಳಿಗೆಯ ಮೇಲೆ ನೋಡಿದ್ದೇ. ಕೂಡಲೇ ಗಂಟು ಬಿಚ್ಚಿದಳು.

ಎಪ್ಪತ್ತೆಂಟನೆಯ ಇಸವಿಯ ಮಳೆಗಾಲದಲ್ಲಿ ಪಂಚಗಂಗೆ ತುಂಬಿದ ವಾರ ಅದು. ಮಗ್ಗದ ಸೂಟಿಯ ದಿನ. ಜಿನಗೊಂಡ ಕಬನೂರಿಗೆ ಹೋಗಿದ್ದ. ಮಧ್ಯಾಹ್ನದ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದ ಶಾಲನಗೆ ಊರೇ ಉಸಿರು ಹಿಡಿದಂತೆ ಕಂಡಿತು. ಆ ನಿಶ್ಶಬ್ದದಲ್ಲಿ ಒಂದು ಸಣ್ಣ ಸಪ್ಪಳ. ಮೊರದಲ್ಲಿ ರವೆ ಜಾರಿದ ಹಾಗೆ. ನಿಂತಿತು. ಮತ್ತೆ ಜಾರಿತು. ದಿನವೂ ಇದ್ದಿರಬೇಕು, ಮಗ್ಗದ ಬಡಿತ ಕೇಳಗೊಟ್ಟಿರಲಿಲ್ಲ.

ನಡುಮನೆಯಲ್ಲಿ ಬಾಹು ಇರಲಿಲ್ಲ.

ಒಳಕೋಣೆಯಲ್ಲಿ ಅಜ್ಜ ಮೊಮ್ಮಗ ಇಬ್ಬರೂ ನಿದ್ದೆಯಲ್ಲಿದ್ದರು. ಕೂಸಿನ ತಲೆಗೂದಲ ಮೇಲೆ, ಕಿವಿಯ ಮೇಲೆ ಕೆಂಪು ಮಣ್ಣಿನ ಪುಡಿ. ಅವಳು ಕೂಗಲಿಲ್ಲ. ಕೂಸನ್ನು ಬಾಚಿ ಎತ್ತಿಕೊಂಡಳು. ಬಾಳಗೊಂಡ ಕಣ್ಣು ಬಿಟ್ಟು, "ಮತ್ತೇನಾತ ನಿಂದು?" ಎಂದು ಬೇಸರದಿಂದ ಎದ್ದು ಕೂತರು. ಹೆಗಲ ಮೇಲಿನ ಮಣ್ಣು ಕೊಡವಲು ಎತ್ತಿದ ಕೈಯನ್ನು ಅಲ್ಲೇ ತಡೆದರು. ಗೋಡೆಗೆ ಕಿವಿ ಇಟ್ಟರು.

"ಶಾಲನ," ಎಂದರು ಮೆತ್ತಗೆ. "ಕೂಸಿನ್ನ ತಗೊಂಡ ಮುಂದಿನ ಬಾಗಲದಿಂದ ಹೊರಗ ನಡಿ. ಓಡಬ್ಯಾಡ. ಸಾವಕಾಶ ನಡಿ."

"ನೀವೂ ಬರ್ರಿ."

"ಬಂದೆ. ನಡಿ ನೀ."

ಅವಳು ಬೀದಿಗೆ ಬಂದು ಎದುರುಮನೆಯ ಬಾಳಕ್ಕನ ಕಟ್ಟೆ ಏರಿ ತಿರುಗಿ ನೋಡಿದಳು. ಮಾವ ಹಿಂದೆ ಬಂದಿರಲಿಲ್ಲ. ಅವರು ಹಿತ್ತಲ ಬಾಗಿಲಿಂದ ಹೊರಟು, ಗರಗಸ ಮತ್ತು ಕಬ್ಬಿಣದ ಸಲಾಕೆ ಹಿಡಿದು ಗೋಡೆಯ ಆಚೆ ಬದಿಗೆ ಹೋಗಿದ್ದರು. ಗೋಡೆ ಹೇಗೂ ಬೀಳುವುದು. ಅದರ ಕೆಳಗೆ ಗಿಡ ಸಿಕ್ಕಬಾರದು. ಶೆಡ್ಡಿನಲ್ಲಿ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದ ಪರಪ್ಪ ಕಂಡದ್ದನ್ನು ಆಮೇಲೆ ಹೇಳಿದ: ಮಾಲಕರು ಗಿಡದ ಬುಡ ಸಡಿಲಿಸಿ ಎರಡೂ ಕೈಯಿಂದ ಎಳೆದರು. ಗಿಡದ ಹಿಂದೆ ಒಂದು ಇಟ್ಟಂಗಿ ಬಂತು, ಇಟ್ಟಂಗಿಯ ಹಿಂದೆ ಮಾರುದ್ದದ ಬೇರು ಬಂತು, ಬೇರಿನ ಹಿಂದೆ ಗೋಡೆ ಬಂತು.

ಬಾಳಕ್ಕನ ಕಟ್ಟೆಯಿಂದ ಕಂಡದ್ದು ಬರೀ ಧೂಳು. ಮಳೆಗಾಲದ ಹಸಿಯಲ್ಲೂ ಎದ್ದ ಧೂಳು. ಬಾಹು ಕೈ ಚಾಚಿ "ಅಜ್ಜಾ" ಅಂದ.

ಬಾಳಗೊಂಡ ಬದುಕಿದರು. ಎಡಗಾಲು ಮೊಣಕಾಲಿನ ಕೆಳಗೆ ನುಜ್ಜಾಗಿ, ಮೀರಜದ ಡಾಕ್ಟರರು ತಂತಿ, ಸರಳು ಹಾಕಿ ಕೂಡಿಸಿದರೂ ಸೊಟ್ಟಾಗಿಯೇ ಕೂಡಿಕೊಂಡಿತು. ಹೊರಸು ಮಣ್ಣಿನಡಿ ಎರಡಾಗಿತ್ತು. ಅದನ್ನು ನೋಡಿದ ಮೇಲೆ ಜಿನಗೊಂಡ ಹೆಂಡತಿಗೆ ಎಂದೂ ಚೇಷ್ಟೆ ಮಾಡಲಿಲ್ಲ. ಅರಳಿ ಮಾತ್ರ ಬಾಳಗೊಂಡರ ಎದೆಯ ಕೆಳಗೆ ಎಲೆ ಹರಿಯದೆ ಸಿಕ್ಕಿತು. ಅರ್ಧ ಇಟ್ಟಂಗಿಯನ್ನು ಬೇರಿನ ಮುಷ್ಟಿಯಲ್ಲಿ ಹಿಡಿದುಕೊಂಡೇ ಇತ್ತು. ಬಿಡಿಸಲು ಬಾಳಗೊಂಡ ಒಪ್ಪಲಿಲ್ಲ, ಹಾಗೇ ಕುಂಡಿಯಲ್ಲಿ ಕೂಡಿಸಿದರು. ಮುಂದೆ ಕೊಲ್ಹಾಪುರದ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ನೋಡಿದವರೆಲ್ಲ ಆ ಇಟ್ಟಂಗಿಯನ್ನೇ ಹೊಗಳಿದರು. "ಕಾಲ ಕೊಟ್ಟ ತಂದದ್ರಿ ಇದು," ಎಂದು ಬಡಿಗೆ ಊರಿ ನಿಂತು ನಗುತ್ತಿದ್ದರು ಅವರು. ಆ ನಗುವಿನಲ್ಲಿ ಪಶ್ಚಾತ್ತಾಪ ಇದೆಯೇ ಎಂದು ಶಾಲನ ಹುಡುಕುವಳು. ಅವಳಿಗೆ ಕಂಡಿದ್ದಿಲ್ಲ.

ಹಿಂಗೋಡೆಯನ್ನು ಸಿಮೆಂಟಿನಿಂದ ಕಟ್ಟಿಸಿದರು. ಎರಡು ಮಳೆಗಾಲ ಕಳೆದವು. ಶಾಲನಗೆ ಎರಡನೆಯ ಬಸಿರಿನ ದಿನ ತುಂಬುತ್ತ ಬಂದಾಗ ಜಿನಗೊಂಡ ಅಟ್ಟದಿಂದ ತೊಟ್ಟಿಲು ಇಳಿಸಿ, ಒಳಕೋಣೆಯ ತೊಲೆಗೇ ತೂಗುಹಾಕಿದ. ಈಗ ಅಂಜಿಕೆ ಏನಿದೆ ಎಂದ. ಅವಳಿಗೂ ಹೌದೆನಿಸಿತು.

ಅದೇ ಸಂಜೆ, ಹೊತ್ತು ಮುಳುಗುವ ಮೊದಲು ಊಟಕ್ಕೆ ಕರೆಯಲು ಹಿತ್ತಲಿಗೆ ಹೋದಳು. ಅಜ್ಜ ಬಡಿಗೆಯ ಮೇಲೆ ಭಾರ ಬಿಟ್ಟು ನಿಂತಿದ್ದರು. ಬಾಹು ಎರಡೂ ಕೈಯಲ್ಲಿ ಚರಿಗೆ ಹಿಡಿದು ನೀರು ಎರೆಯುತ್ತಿದ್ದ. ಹೊಸ ಗೋಡೆಗೂ ಉಳಿದ ಹಳೆಯ ಗೋಡೆಗೂ ಕೂಡುವ ಕಡೆ, ಸಿಮೆಂಟಿನ ಅಂಚಿನಿಂದ ಎರಡು ಎಲೆ ಹೊರಬಂದಿದ್ದವು. ಎಳೆಯ ಕೆಂಪು ಬಣ್ಣದವು, ತುದಿ ಚೂಪಾದವು.

ಶಾಲನ ಬಸಿರಿನ ಭಾರ ಹೊತ್ತು ಹೋಗಿ ಅದಕ್ಕೆ ಕೈ ಹಾಕಿದಳು.

"ತಗೀಬ್ಯಾಡ ಅವ್ವಾ," ಎಂದ ಬಾಹು, ದೊಡ್ಡವರ ತಾಳ್ಮೆಯಿಂದ. "ಇನ್ನೊಂದ ಮಳಿಗಾಲ ಕುಡೀಲಿ."

ಅವಳು ಮಾವನ ಮುಖ ನೋಡಿದಳು. ಅವರು ಮಾಳಿಗೆಯ ಕಡೆ ನೋಡುತ್ತಿದ್ದರು. ಅವಳು ಎರಡು ಬೆರಳಲ್ಲಿ ಹಿಡಿದು, ಇದ್ದ ಬಲವೆಲ್ಲ ಹಾಕಿ ಎಳೆದಳು. ಎಲೆ ಎರಡೂ ಕೈಗೆ ಬಂದವು, ಎಳೆಯ ದಂಟೂ ಬಂತು. ದಂಟಿನ ತುದಿಯಲ್ಲಿ ಹಾಲು ಜಿನುಗುತ್ತಿತ್ತು. ಬೇರು ಬಂದಿರಲಿಲ್ಲ.