ಓಬಮ್ಮನ ಮೂರು ಹಗ್ಗ

ಮೈಲಾರದ ಹೊಳೆದಂಡೆಯ ಓಬಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೈಯೆತ್ತಿದ ಗಂಡನ ಎರಡು ಹಲ್ಲು ಉದುರಿಸಿ ತವರಿಗೆ ಬಂದವಳು. "ಸಿಟ್ಟಿನಾಗ ಕೊಯ್ಕೊಂಡ ಮೂಗು ಆಮ್ಯಾಲೆ ಬರಾಂಗಿಲ್ಲ" ಎಂದು ಅವ್ವ ಸಾಯುವ ತನಕ ಹೇಳಿದಳು. ಮಗಳು ಮಾತ್ರ ಬದಲಾಗಲಿಲ್ಲ.

ಅಂಥವಳ ಕೈಗೆ ಪ್ರಯೋಗಾಲಯದ ಗೀತಾಂಜಲಿ ಮೇಡಂ ಬಲು ನಾಜೂಕಿನ ಕೆಲಸ ಕೊಟ್ಟಿದ್ದರು. ಹೊಳೆಯ ಕಲ್ಲಿಗೆ ಅಂಟಿ ಬೆಳೆಯುವ ಸ್ಪಂಜನ್ನು ಚೂರು ಮಾಡಿ, ನೀರೊಳಗೇ ಹಗ್ಗಕ್ಕೆ ಕಟ್ಟಿ ಬೆಳೆಸಬೇಕು. ಅದರಿಂದ ಗಾಯ ಕೀವಾಗದಂತೆ ತಡೆಯುವ ಔಷಧ ಸಿಗುತ್ತದೆಯೇ ಎಂಬ ಪರೀಕ್ಷೆ. "ಇದು ಪಾಚಿ ಅಲ್ಲ ಓಬಮ್ಮ, ಪ್ರಾಣಿ. ನೀರಿಂದ ಎತ್ತಿದರೆ ಸಾಯುತ್ತೆ" ಎಂದಿದ್ದರು. ಎರಡು ವರ್ಷ ಎಲ್ಲ ಸತ್ತವು. ಮೂರನೆಯ ವರ್ಷ ಮೂರು ಹಗ್ಗದ ತುಂಬ ಅಂಗೈಯಗಲ ಬೆಳೆದವು. ಅವನ್ನು ನೋಡಲು ಮೇಡಂ ಬರುವವರಿದ್ದರು. ಜೀವಂತ ಸಿಕ್ಕರೆ ಕೆಲಸ ಓಬಮ್ಮನದು, ಇಲ್ಲದಿದ್ದರೆ ಬೇರೆ ಹೊಳೆಯವರ ಪಾಲು.

ಮೇಡಂ ಬರುವ ಹಿಂದಿನ ದಿನ ಬೆಳಿಗ್ಗೆ ತಮ್ಮ ಯರ್ರಿಸ್ವಾಮಿ ಉಣ್ಣೆ ಕತ್ತರಿಸುವ ಮೊದಲು ಮೀಯಿಸಲು ಇನ್ನೂರು ಕುರಿಗಳನ್ನು ಹಗ್ಗಗಳ ಕಡೆಗೆ ನೀರು ಹರಿದುಬರುವ ಮೇಲುಗಡೆಯೇ ಹೊಳೆಗಿಳಿಸಿದ. ಆಳವಿಲ್ಲದ ಜಾಗ ಅದೊಂದೇ. ಮೀಯಿಸುವ ಹಿಂದಿನ ದಿನ ಕುರಿಗಳ ಮೈಗೆ ಉಣ್ಣಿ ಸಾಯುವ ಔಷಧ ಹಚ್ಚುವುದು ಆ ಮನೆಯ ರೂಢಿ. ಅದು ನೀರಿಗೆ ಬಿದ್ದರೆ ಸ್ಪಂಜು ಉಳಿಯುವುದುಂಟೇ?

"ಲೇ ಯರ್ರಿ! ಇಷ ತಂದು ನನ್ನ ಬೆಳಿ ಮ್ಯಾಲೆ ಸುರೀತಿಯೇನಲೇ!"

"ಅಕ್ಕಾ, ಇಲ್ಲಿ ಕೇಳು..."

ಕೇಳುವ ಜಾಯಮಾನವೇ ಅವಳದಲ್ಲ. ನೀರಿಗೆ ನುಗ್ಗಿ, ಕೈಗೆ ಸಿಕ್ಕಿದ್ದನ್ನು ಕಿತ್ತು ಅವನ ಮುಖಕ್ಕೆ ಬೀಸಿದಳು. ತುಟಿ ಹರಿಯಿತು. ಅವನು ಅವಳ ತುರುಬು ಹಿಡಿದು ನೀರಿಗೆ ಅದ್ದಿದ. ಅವಳು ಅವನ ಮುಂಗೈ ಕಚ್ಚಿ ರಕ್ತ ಬರಿಸಿದಳು. ಬೆದರಿದ ಕುರಿಗಳು ದಂಡೆ ಹತ್ತಿ ಓಡಿದವು. ಬೆನ್ನು, ಕುತ್ತಿಗೆ ನೋಡದೆ ಬಾರಿಸಿದಳು, ಒಂದು ಕೈಜಾರಿದರೆ ಇನ್ನೊಂದು ಕಿತ್ತಳು. ಅವನು ಬಂಡೆಯ ಮೇಲೆ ಬಿದ್ದು ಹಣೆ ಒಡೆಯಿತು.

"ಹೊಡಿ, ಸಾಯೂತನಕ ಹೊಡಿ. ಈ ಸಲ ಔಷಧ ಹಚ್ಚೇ ಇಲ್ಲ ಅಕ್ಕಾ. ನಿನ್ನ ಸ್ಪಂಜಿನ ಸಲುವಾಗಿ ಎಂಟು ದಿನ ಕುಂತು ಒಂದೊಂದು ಉಣ್ಣೀನೂ ಕೈಲೇ ಕಿತ್ತೀನಿ."

ಓಬಮ್ಮ ತನ್ನ ಕೈ ನೋಡಿಕೊಂಡಳು. ಅದರಲ್ಲಿದ್ದುದು ಸ್ಪಂಜಿನ ಹಗ್ಗ, ಮೂರನೆಯದು. ಉಳಿದೆರಡು ದಂಡೆಯ ಬಿಸಿಲಿಗೆ ಬಿದ್ದಿದ್ದವು. ಮೂರು ವರ್ಷದ ದುಡಿಮೆ ತಮ್ಮನ ಬೆನ್ನ ಮೇಲೆ ಹಸಿರಾಗಿ ಅರೆದುಹೋಗಿತ್ತು. ಅವಳು ನೀರಲ್ಲೇ ಕೂತು ಅತ್ತಳು.

"ಅಳಬ್ಯಾಡ" ಎಂದ ಯರ್ರಿಸ್ವಾಮಿ, ಹಣೆಯ ರಕ್ತ ಒರೆಸಿಕೊಳ್ಳುತ್ತ. "ಕುರಿ ತುಳುದ್ವು ಅಂತ ಮೇಡಮ್ಮಾರಿಗೆ ನಾನ ಹೇಳ್ತೀನಿ."

ಓಬಮ್ಮ ಸೆರಗು ಹರಿದು ಅವನ ಹಣೆಗೆ ಕಟ್ಟಿದಳು.

"ಬ್ಯಾಡ. ನಾನ ಕೊಂದೀನಿ ಅಂತ ಹೇಳ್ತೀನಿ."