ಮುಟ್ಟಲ್ಲ ಅಂದ ಪಾಳಿ ಪಟ್ಟಿ

ನೆಲಮಂಗಲದ ಗೋದಾಮೊಂದರಲ್ಲಿ ನಾನು ಸೂಪರ್‌ವೈಸರ್. ಪ್ಯಾಕಿಂಗ್ ಹೆಂಗಸರ ಪಾಳಿ ಪಟ್ಟಿ ಬರೆಯೋದು ನನ್ನ ಕೆಲಸ. ಬರೆದ ಮೇಲೆ ಬೈಸಿಕೊಳ್ಳೋದೂ ನಾನೇ. ಈಚೆಗೆ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನಲ್ಲಿ ಕಥೋಲಿಕ ಸಾಮಾಜಿಕ ಬೋಧನೆಯ ತರಗತಿಗೆ ಕೂರುತ್ತೇನೆ. ಕಲಿತದ್ದನ್ನು ಸೋಮವಾರ ಈ ಹೆಂಗಸರ ಮುಂದೆ ಒಪ್ಪಿಸದಿದ್ದರೆ ನನಗೆ ಸಮಾಧಾನವಿಲ್ಲ.

ಒಂದು ವಾರ ಫಾದರ್ ಹೇಳಿದರು: "ಕೆಳಗಿನವರು ತಾವೇ ಮಾಡಬಲ್ಲ ತೀರ್ಮಾನವನ್ನು ಮೇಲಿನವರು ಕಿತ್ಕೋಬಾರದು." ನನಗೆ ತಕ್ಷಣ ಪಾಳಿ ಪಟ್ಟಿ ನೆನಪಾಯಿತು.

ಸೋಮವಾರ ಖಾಲಿ ಹಾಳೆಯನ್ನು ಹೊಸದಾಗಿ ಸೇರಿದ್ದ ರತ್ನಮ್ಮನವರ ಕೈಗೆ ಕೊಟ್ಟೆ. "ಈ ಸಲ ನೀವೇ ಎಲ್ಲಾ ಕೂತು ಬರೀರಮ್ಮ. ಆಮೇಲೆ ನಾನು ನೋಡಿ ಸರಿ ಮಾಡ್ತೀನಿ."

ಅವರು ಹಾಳೆಯನ್ನು ವಾಪಸ್ ಚಾಚಿದರು. "ಸರಿ ಮಾಡೋದಿದ್ರೆ ನೀವೇ ಬರ್ಕೊಳ್ಳಿ ಸಾರ್. ನಮ್ಮನ್ಯಾಕೆ ಕೇಳ್ತೀರಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪಾಳಿಗಾಗಿ ಅವರವರಲ್ಲೇ ಜಗಳವಾಗಿ ಕೆಲಸ ನಿಂತರೆ ಮ್ಯಾನೇಜರ್ ಹಿಡಿಯೋದು ನನ್ನ ಕುತ್ತಿಗೆ. ಆದರೂ ಬಾಯಿಂದ ಬಂದೇಬಿಟ್ಟಿತು: "ಆಯ್ತಮ್ಮ, ಮುಟ್ಟಲ್ಲ."

ಟೀ ಮುಗಿಯೋದರೊಳಗೆ ಪಟ್ಟಿ ಸಿದ್ಧ. ಹಾಸಿಗೆ ಹಿಡಿದ ಅತ್ತೆಗೆ ಸಂಜೆ ಉಣಿಸಬೇಕಾದ ಮಂಜುಳಗೆ ಬೆಳಗಿನ ಪಾಳಿ ಸಿಕ್ಕಿತ್ತು. ಅವಳ ಸಂಜೆ ಪಾಳಿಯನ್ನು ತಾವೇ ಹೊತ್ತುಕೊಂಡಿದ್ದರು ರತ್ನಮ್ಮ, ಆ ಪಾಳಿ ಮುಗಿಸಿ ಕೊನೆ ಬಸ್ಸಿಗೆ ಓಡಬೇಕಾದವರು. ಎರಡು ವರ್ಷ ಪಟ್ಟಿ ಬರೆದಿದ್ದರೂ ಆ ಅತ್ತೆಯ ವಿಷಯ ಅವತ್ತು ಅವರು ಹೇಳೋವರೆಗೆ ನನಗೆ ಗೊತ್ತೇ ಇರಲಿಲ್ಲ.

ಕೊನೆಯ ಸಾಲಿನಲ್ಲಿ ನಾನೂ ಇದ್ದೆ: "ಸಾರ್‌ಗೆ ಭಾನುವಾರ ಕಡ್ಡಾಯ ರಜಾ. ಪಾಠ ಇನ್ನೂ ಬಾಕಿ ಇದೆ."

ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ, ಅದನ್ನೂ ಮುಟ್ಟಲಿಲ್ಲ.