ವಾಸನೆಯಿಲ್ಲದ ಸೋಪಿನ ಹದ

ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಇರುವಷ್ಟು ದಿನ ಅತ್ತೆ ಸೋಪು ಮುಟ್ಟುತ್ತಿರಲಿಲ್ಲ. ಅಂಗಡಿ ಸೋಪಿನ ಘಮ ಹುಳುಗಳಿಗೆ ಆಗದು ಎಂಬ ಭಯ ಅವರಿಗೆ. ಸೀಗೆಪುಡಿಯಲ್ಲಿ ಉಜ್ಜಿ ಉಜ್ಜಿ ಬೆರಳ ಸಂದುಗಳು ಬಿರಿದಿದ್ದವು. ವಾಸನೆಯಿಲ್ಲದ ಸೋಪು ನಾನೇ ಮಾಡಿಕೊಡುತ್ತೇನೆ ಎಂದೆ. ಹೇಳಿದ ಮೇಲೆ ಹೆದರಿಕೆ ಶುರುವಾಯಿತು.

ಒಂದು ಚಳಿಯ ಬೆಳಿಗ್ಗೆ ಕೈಗವಸು ಹಾಕಿಕೊಂಡು, ಚರ್ಮ ಸುಡುವ ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಕೊಬ್ಬರಿ ಎಣ್ಣೆ, ಹರಳೆಣ್ಣೆಗೆ ಸುರಿದು ಕಡೆಯತೊಡಗಿದೆ. ಬೇಗನೆ ದೋಸೆಹಿಟ್ಟಿನಷ್ಟು ಗಟ್ಟಿಯಾಯಿತು. ಹದ ಬಂತೆಂದು ಅಚ್ಚಿಗೆ ಹೊಯ್ದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮೇಲೆ ಎಣ್ಣೆ ತೇಲುತ್ತಿತ್ತು. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿತ್ತೇ ಹೊರತು ಎಣ್ಣೆಯೂ ಕಾಸ್ಟಿಕ್ ನೀರೂ ಬೆರೆತೇ ಇರಲಿಲ್ಲ. ಬೆರೆಯದ ಆ ನೀರು ಅತ್ತೆಯ ಬಿರಿದ ಬೆರಳಿಗೆ ತಾಕಿದರೆ?

ಎಲ್ಲವನ್ನೂ ಮತ್ತೆ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಕಡೆದೆ. ಹಿಟ್ಟಿನಂತಿದ್ದದ್ದು ಮತ್ತೆ ನೀರಾಯಿತು. ತೋಳು ಸೋತರೂ ಬಿಡಲಿಲ್ಲ. ಕೊನೆಗೆ ಸೌಟಿನಿಂದ ಎಳೆದ ಗೆರೆ ಅಳಿಸದೆ ನಿಂತಿತು. ಆದರೂ ನಂಬಿಕೆ ಬರಲಿಲ್ಲ. ಮತ್ತೆ ಅಚ್ಚಿಗೆ ಹೊಯ್ದು, ಗಟ್ಟಿಯಾದ ಮೇಲೆ ಬಿಲ್ಲೆ ಕೊಯ್ದು, ಖಾರ ಇಳಿಯುವ ತನಕ ಒಂದು ತಿಂಗಳು ಯಾರೂ ಮುಟ್ಟಬಾರದೆಂದು ಹೇಳಿ ಅಟ್ಟದ ಮೇಲಿಟ್ಟೆ.

ವಾರ ಕಳೆದಿತ್ತು. ಒಂದು ಬಿಲ್ಲೆ ಕಾಣಲಿಲ್ಲ. ಬಚ್ಚಲಲ್ಲಿ ಒದ್ದೆಯಾಗಿ ಸಿಕ್ಕಿತು. ಹುಳುಮನೆಗೆ ಓಡಿದೆ. ಅತ್ತೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದರು.

“ಅತ್ತೆ, ಆ ಸೋಪಲ್ಲಿ ಕೈ ತೊಳ್ಕೊಂಡ್ರಾ?”

“ಹೂನಮ್ಮ. ವಾಸ್ನೆನೇ ಇಲ್ಲ, ಚೆನ್ನಾಗೈತೆ.”

“ಉರೀತಿಲ್ವಾ?”

“ವಸಿ ಚುರುಚುರು ಅಂತು. ನೀರು ಬಿಟ್ಕೊಂಡೆ, ಹೋಯ್ತು.”

“ಹುಳ ಮುಟ್ಟಿದ್ರಾ?”

ಅವರ ಕೈ ಅಲ್ಲೇ ನಿಂತಿತು. ಅಷ್ಟು ಹೊತ್ತು ನನಗೊಬ್ಬಳಿಗೇ ಇದ್ದ ಭಯ ಅವರ ಮುಖಕ್ಕೂ ಬಂತು.

“ಈ ಸಾಲೆಲ್ಲ ಮುಟ್ಟಿದೀನಿ ಕಣಮ್ಮ.”

ಇಬ್ಬರೂ ಆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತೆವು. ಕೆಲವು ಹುಳುಗಳು ಸೊಪ್ಪಿನ ಕಡೆ ಹೊರಳಲೇ ಇಲ್ಲ. ನಾನು ಒಂದಕ್ಕೆ ಮೆಲ್ಲಗೆ ಕಡ್ಡಿ ತಾಕಿಸಹೋದೆ. ಅತ್ತೆ ನನ್ನ ಕೈ ಹಿಡಿದರು. ಅವರ ಅಂಗೈ ಒರಟಾಗಿ, ಒಣಗಿಕೊಂಡಿತ್ತು, ಆದರೆ ಎಲ್ಲೂ ಕೆಂಪಾಗಿರಲಿಲ್ಲ. ತುಂಬಾ ಹೊತ್ತಿನ ಮೇಲೆ ಎಲೆಗಳ ಅಂಚುಗಳು ಒಂದೊಂದಾಗಿ ಸವೆಯತೊಡಗಿದವು.

“ತಿಂತಾವೆ,” ಎಂದರು ಅತ್ತೆ, ಪಿಸುಮಾತಿನಲ್ಲಿ.

ಆ ಸಾಲಿನ ಹುಳುಗಳೂ ಮಿಕ್ಕವುಗಳ ಜೊತೆಗೇ ಬಲಿತು ಹಣ್ಣಾಗಿ ಗೂಡು ಕಟ್ಟಿದವು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ತಿಂಗಳು ತುಂಬಿದ ಮೇಲೆ ಸೋಪನ್ನು ಮೊದಲು ನನ್ನ ಕೈಗೆ, ಆಮೇಲೆ ಕೆನ್ನೆಗೆ ಹಚ್ಚಿ ನೋಡಿದೆ. ಏನೂ ಆಗಲಿಲ್ಲ. ಅತ್ತೆಗೆ ಕೊಟ್ಟೆ. ಅವರು ಕೈ ತೊಳೆದು ಮುಗಿಸುವವರೆಗೂ ಬಚ್ಚಲ ಬಾಗಿಲಲ್ಲೇ ನಿಂತಿದ್ದೆ.